ಸಿಡ್ನಿಯ ಆಚೆಗಿನ ಜಾನಿ ವಿಲ್ಕಿನ್ಸನ್

1,169 ದಿನ. ಇಂಗ್ಲೆಂಡ್‌ಗೆ ರಗ್ಬಿ ವಿಶ್ವಕಪ್ ಗೆದ್ದುಕೊಟ್ಟ ಆಟಗಾರ ಮತ್ತೆ ಅದೇ ಇಂಗ್ಲೆಂಡ್ ಜೆರ್ಸಿ ತೊಡೋಕೆ ಅಷ್ಟು ದಿನ ಕಾದ. 2003ರ ನವೆಂಬರ್ 22ರಂದು ಸಿಡ್ನಿಯ ಫೈನಲ್‌ನಲ್ಲಿ ಗೆಲುವು, ಮುಂದಿನ ಪಂದ್ಯ 2007ರ ಫೆಬ್ರವರಿ 3ಕ್ಕೆ. ಜಾನಿ ವಿಲ್ಕಿನ್ಸನ್ ಬಗ್ಗೆ ಮಾತಾಡೋರೆಲ್ಲ ಮೊದಲನೇ ದಿನಾಂಕಕ್ಕೇ ನಿಂತುಬಿಡ್ತಾರೆ. ನನಗೆ ಇಷ್ಟವಾದ ಜಾನಿ ಸಿಗೋದು ಎರಡನೇ ದಿನಾಂಕದ ಈಚೆಗೆ. ಇವತ್ತಿನ ವಿಡಿಯೋ ಅವನ ಬಗ್ಗೆ.

ನಮಸ್ಕಾರ. ರಗ್ಬಿ ನೋಡದವರಿಗೆ ಮೊದಲು ಒಂದೆರಡು ಮಾತು. ಜಾನಿ ಆಡ್ತಿದ್ದದ್ದು 10ನೇ ನಂಬರ್, ಅಂದ್ರೆ ಫ್ಲೈ ಹಾಫ್. ಎರಡೂ ತಂಡದವರು ಭುಜಕ್ಕೆ ಭುಜ ಕೊಟ್ಟು ತಳ್ಳಾಡೋ ಸ್ಕ್ರಮ್‌ನಿಂದ, ಗುಂಪಿನೊಳಗಿಂದ ಹೊರಗೆ ಬರೋ ಚೆಂಡು ಹೆಚ್ಚಾಗಿ ಇವನ ಕೈಗೇ ಬರುತ್ತೆ. ಪಾಸ್ ಕೊಡಬೇಕಾ, ನುಗ್ಗಬೇಕಾ, ಒದೀಬೇಕಾ ಅನ್ನೋದನ್ನ ಕಣ್ಣು ಮಿಟುಕಿಸೋದ್ರೊಳಗೆ ತೀರ್ಮಾನಿಸಬೇಕು. ಪೆನಾಲ್ಟಿ ಕಿಕ್‌ಗೆ 3 ಪಾಯಿಂಟ್. ಆಟ ನಡೀತಿರುವಾಗಲೇ ಚೆಂಡನ್ನ ಕೈಯಿಂದ ಬಿಟ್ಟು, ಅದು ನೆಲಕ್ಕೆ ತಾಗಿ ಪುಟಿಯುತ್ತಿದ್ದ ಹಾಗೇ ಒದ್ದು ಕಂಬಗಳ ಮಧ್ಯೆ ದಾಟಿಸಿದ್ರೆ ಅದು ಡ್ರಾಪ್ ಗೋಲ್, ಅದಕ್ಕೂ 3. ಚೆಂಡು ಮೊಟ್ಟೆಯಾಕಾರದ್ದು. ಸ್ವಲ್ಪ ವಾಲಿ ಬಿದ್ರೂ ಎತ್ತಲೋ ಪುಟಿದುಬಿಡುತ್ತೆ.

1998ರ ಏಪ್ರಿಲ್‌ನಲ್ಲಿ ಐರ್ಲೆಂಡ್ ವಿರುದ್ಧ ಬದಲಿ ಆಟಗಾರನಾಗಿ ಇಳಿದಾಗ ಜಾನಿಗೆ 18 ವರ್ಷ. ಎರಡೇ ತಿಂಗಳಿಗೆ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ಇಂಗ್ಲೆಂಡನ್ನ 76–0ರಲ್ಲಿ ಸೋಲಿಸ್ತು. ಅವತ್ತು ಇಂಗ್ಲೆಂಡ್‌ನ 10ನೇ ನಂಬರ್ ಈ ಹುಡುಗನದ್ದೇ. ಎಷ್ಟೋ ಜನರ ವೃತ್ತಿಜೀವನ ಅಂಥ ಸೋಲಲ್ಲೇ ಮುಗಿದು ಹೋಗುತ್ತೆ. ಇವನು ಅಭ್ಯಾಸ ಇನ್ನೂ ಜಾಸ್ತಿ ಮಾಡಿದ.

ಆ ಅಭ್ಯಾಸದ ಬಗ್ಗೆ ಹೇಳಲೇಬೇಕು. ಕ್ರಿಸ್‌ಮಸ್ ದಿನವೂ ಮೈದಾನಕ್ಕೆ ಹೋಗಿ ಒದೀತಿದ್ದ. ಕಿಕಿಂಗ್ ಕೋಚ್ ಡೇವ್ ಆಲ್ರೆಡ್ ಜೊತೆ ಸೇರಿ ಒಂದು ಕಲ್ಪನೆ ಕಟ್ಟಿಕೊಂಡಿದ್ದ. ಕಂಬಗಳ ಹಿಂದಿನ ಸೀಟಿನಲ್ಲಿ ಡೋರಿಸ್ ಅನ್ನೋ ಹೆಂಗಸು ಕೂತಿದ್ದಾಳೆ, ಅವಳ ಕೈಯಲ್ಲೊಂದು ಡಬ್ಬಿ ಇದೆ, ಚೆಂಡು ಆ ಡಬ್ಬಿಗೆ ತಾಗಬೇಕು. ಗುರಿ ಅಷ್ಟು ಚಿಕ್ಕದಾದ್ರೆ ಸ್ವಲ್ಪ ತಪ್ಪಿದ್ರೂ ಚೆಂಡು ಕಂಬಗಳ ಒಳಗೇ ಹೋಗುತ್ತೆ ಅನ್ನೋ ಲೆಕ್ಕ. ಕೈ ಎರಡೂ ಮುಂದೆ ಜೋಡಿಸಿ, ಮೊಣಕಾಲು ಬಗ್ಗಿಸಿ ನಿಲ್ತಾ ಇದ್ದ ಆ ಭಂಗಿಯನ್ನ ಇಂಗ್ಲೆಂಡ್‌ನ ಮಕ್ಕಳೆಲ್ಲ ಅನುಕರಿಸ್ತಿದ್ರು.

ಒದೆಯೋದಷ್ಟೇ ಆಗಿದ್ರೆ ಅವನ ಕಥೆ ಬೇರೆ ಇರ್ತಿತ್ತು. ಸಾಮಾನ್ಯವಾಗಿ ಫ್ಲೈ ಹಾಫ್‌ಗಳು ಟ್ಯಾಕಲ್ ಮಾಡೋ, ಅಂದ್ರೆ ಚೆಂಡು ಹಿಡಿದು ಬರೋ ಎದುರಾಳಿಯನ್ನ ಹಿಡಿದು ಬೀಳಿಸೋ ಕೆಲಸವನ್ನ ದಪ್ಪ ಮೈಯವರಿಗೆ ಬಿಟ್ಟು ಸ್ವಲ್ಪ ದೂರ ಇರ್ತಾರೆ. ಜಾನಿ ಹಾಗಲ್ಲ, ತನಗಿಂತ ಎಷ್ಟೋ ಭಾರದವರ ಮೇಲೂ ಭುಜ ಕೊಟ್ಟು ನುಗ್ತಿದ್ದ. ನೋಡೋಕೆ ಮೈ ಜುಂ ಅನ್ನುತ್ತೆ. ಅದರ ಬೆಲೆಯನ್ನ ಕುತ್ತಿಗೆ, ಭುಜ ತೆತ್ತವು.

ಈಗ ಸಿಡ್ನಿ. ಬಿಟ್ಟು ಮುಂದೆ ಹೋಗೋಕಾಗಲ್ಲ. ಆದ್ರೆ ಎಲ್ಲರೂ ತೋರಿಸೋ ಕೊನೆಯ ಒದೆತ ಮಾತ್ರ ನೋಡಬೇಡಿ, ಅದಕ್ಕೂ ಮೊದಲಿನ ಒಂದು ನಿಮಿಷ ನೋಡಿ. ಫೈನಲ್, ಹೆಚ್ಚುವರಿ ಸಮಯ, ಆಸ್ಟ್ರೇಲಿಯಾದ ಎಲ್ಟನ್ ಫ್ಲಾಟ್ಲಿ ಪೆನಾಲ್ಟಿ ಹೊಡೆದು 17–17 ಮಾಡಿದ್ದಾನೆ. ಎರಡು ನಿಮಿಷವೂ ಉಳಿದಿಲ್ಲ. ಅಂಚುಗೆರೆ ದಾಟಿದ ಚೆಂಡನ್ನ ಎರಡು ತಂಡಗಳ ಸಾಲಿನ ಮಧ್ಯೆ ಒಳಗೆ ಎಸೆಯೋ ಲೈನ್ ಔಟ್‌ನಲ್ಲಿ ಇಂಗ್ಲೆಂಡ್‌ನ ಸ್ಟೀವ್ ಥಾಂಪ್ಸನ್ ಸಾಲಿನ ತುದಿವರೆಗೆ ಉದ್ದ ಎಸೀತಾನೆ. ದಣಿದ ಕೈಗಳಿಗೆ ಅದು ತುಂಬಾ ಕಷ್ಟದ ಎಸೆತ. ಲೂಯಿಸ್ ಮೂಡಿ ಹಿಡೀತಾನೆ. ಮ್ಯಾಟ್ ಡಾಸನ್ ಸಂದು ನೋಡಿ ನುಗ್ಗಿ ಕಂಬಗಳ ಹತ್ತಿರಕ್ಕೆ ಬರ್ತಾನೆ, ಆದ್ರೆ ಗುಂಪಿನ ಅಡಿಯಲ್ಲಿ ಸಿಕ್ಕಿಹಾಕ್ಕೊಳ್ತಾನೆ. ಜಾನಿಗೆ ಚೆಂಡು ಕೊಡಬೇಕಾದವನೇ ಅವನು! ಆಗ ಕ್ಯಾಪ್ಟನ್ ಮಾರ್ಟಿನ್ ಜಾನ್ಸನ್ ಚೆಂಡು ತಗೊಂಡು ಇನ್ನೊಂದು ಸಲ ನುಗ್ತಾನೆ. ದೂರ ಏನೂ ಹೋಗಲ್ಲ, ಡಾಸನ್ ಎದ್ದು ನಿಲ್ಲೋಕೆ ಬೇಕಾದಷ್ಟು ಸಮಯ ಮಾತ್ರ ಸಿಗುತ್ತೆ. ಈ ಫೈನಲ್‌ನಲ್ಲಿ ಅತ್ಯಂತ ಬುದ್ಧಿವಂತಿಕೆಯ ಕೆಲಸ ಅಂದ್ರೆ ನನ್ನ ಪಾಲಿಗೆ ಜಾನ್ಸನ್‌ನ ಆ ನಾಲ್ಕು ಹೆಜ್ಜೆ. ಆಮೇಲೆ ಪಾಸ್, ಒದೆತ, 20–17. ಉಳಿದಿದ್ದು 26 ಸೆಕೆಂಡ್.

ಜಾನಿ ಎಡಗಾಲಿನವನು. ಒದ್ದಿದ್ದು ಬಲಗಾಲಲ್ಲಿ. ಅದೃಷ್ಟ ಅಂತ ಯಾರಾದ್ರೂ ಅಂದ್ರೆ ನನಗೆ ಸಿಟ್ಟೇ ಬರುತ್ತೆ. ವರ್ಷಗಟ್ಟಲೆ ಆ ಕಾಲನ್ನೂ ಪಳಗಿಸಿದ್ದಕ್ಕೇ, ಹೊಂದಿಸಿಕೊಳ್ಳೋಕೆ ಸಮಯ ಇಲ್ಲದಾಗ ಅದು ಕೈಕೊಡಲಿಲ್ಲ.

ಗೆದ್ದ ಮೇಲೆ ಏನಾಯ್ತು ಅನ್ನೋದನ್ನ ಜಾನಿ ಮುಂದೆ ತಾನೇ ಬಿಚ್ಚಿ ಹೇಳಿದ್ದಾನೆ. ಬಾಲ್ಯದಿಂದ ಕಂಡ ಕನಸು ಕೈಗೆ ಸಿಕ್ಕ ಮೇಲೂ ಆ ಖುಷಿ ಉಳಿಯಲಿಲ್ಲ. ತಪ್ಪು ಮಾಡಿಬಿಡ್ತೀನಿ ಅನ್ನೋ ಭಯ, ಆತಂಕ, ಖಿನ್ನತೆ ಅವನನ್ನ ಕಾಡ್ತಿದ್ದವು. ಅದರ ಜೊತೆಗೆ ಮೈಯೂ ಸೋತಿತು. 2004ರಲ್ಲಿ ಕುತ್ತಿಗೆಯ ಶಸ್ತ್ರಚಿಕಿತ್ಸೆ, ಆಮೇಲೆ ತೋಳು, ಮೊಣಕಾಲು, ತೊಡೆಸಂದು, ಅಪೆಂಡಿಕ್ಸ್, ಮೂತ್ರಪಿಂಡಕ್ಕೂ ಪೆಟ್ಟು. ಮಧ್ಯೆ 2005ರಲ್ಲಿ ಬ್ರಿಟನ್, ಐರ್ಲೆಂಡ್‌ನ ಆಟಗಾರರು ಸೇರಿದ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ತಂಡದ ಜೊತೆ ನ್ಯೂಜಿಲೆಂಡ್‌ಗೆ ಹೋಗಿಬಂದ. ಇಂಗ್ಲೆಂಡ್ ತಂಡ ಮಾತ್ರ ಅವನಿಲ್ಲದೇ ಆಡ್ತಾ ಇತ್ತು. ತಾನು ಏನು ಅನ್ನೋದನ್ನೆಲ್ಲ ಆಟದಿಂದಲೇ ಅಳೆದುಕೊಂಡವನಿಗೆ ಆಟವೇ ಇಲ್ಲದ ದಿನಗಳು ಹೇಗಿರುತ್ತವೆ ಅಂತ ಯೋಚಿಸಿದ್ರೆ ಸಂಕಟ ಆಗುತ್ತೆ.

ಕೊನೆಗೂ ಟ್ವಿಕನಮ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ಇಳಿದ. ಇಂಗ್ಲೆಂಡ್ 42, ಸ್ಕಾಟ್ಲೆಂಡ್ 20. ಜಾನಿಯೊಬ್ಬನದ್ದೇ 27. ಟ್ರೈ (ಎದುರಾಳಿಯ ಗೋಲ್ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತೋದು), ಕನ್ವರ್ಷನ್ (ಟ್ರೈ ಆದ ಮೇಲೆ ಸಿಗೋ ಒದೆತ), ಪೆನಾಲ್ಟಿ, ಡ್ರಾಪ್ ಗೋಲ್, ಪಾಯಿಂಟ್ ಗಳಿಸೋಕೆ ಇರೋ ನಾಲ್ಕೂ ದಾರಿಯಲ್ಲಿ ಗಳಿಸಿದ. ಆ ಟ್ರೈ ಕೊಡುವ ಹಾಗಿರಲಿಲ್ಲ, ಕಾಲು ಅಂಚುಗೆರೆಗೆ ತಾಗಿತ್ತು ಅಂತ ಸ್ಕಾಟ್ಲೆಂಡ್‌ನವರು ವಾದಿಸ್ತಾರೆ. ವಿಡಿಯೋ ನೋಡಿದ್ರೆ ಅವರ ಮಾತು ಸರಿ ಅನ್ಸುತ್ತೆ. ಅದೇ ವರ್ಷ ಇಂಗ್ಲೆಂಡ್‌ನವರು ವಿಶ್ವಕಪ್ ಫೈನಲ್‌ಗೂ ಬಂದ್ರು, ಪ್ಯಾರಿಸ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು 15–6ರಲ್ಲಿ ಸೋತ್ರು. ಆ ಆರೂ ಪಾಯಿಂಟ್ ಜಾನಿದೇ. 2011ರ ಕೊನೆಗೆ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ. ಇಂಗ್ಲೆಂಡ್‌ಗೆ 91 ಪಂದ್ಯ, 1,179 ಪಾಯಿಂಟ್. ಲಯನ್ಸ್‌ದೂ ಸೇರಿಸಿದ್ರೆ 1,246.

ಇಷ್ಟಕ್ಕೇ ಮುಗಿದಿದ್ರೆ ನಾನು ಈ ವಿಡಿಯೋ ಮಾಡ್ತಿರಲಿಲ್ಲ. ಇಂಗ್ಲೆಂಡ್‌ನ ತನ್ನ ಕ್ಲಬ್ ನ್ಯೂಕಾಸಲ್ ಬಿಟ್ಟು 2009ರಲ್ಲಿ ಅವನು ಫ್ರಾನ್ಸ್‌ನ ದಕ್ಷಿಣದಲ್ಲಿರೋ ಬಂದರು ಊರು ತುಲೋನ್‌ನ ಕ್ಲಬ್‌ಗೆ ಹೋದ. ಅಲ್ಲಿ ಫ್ರೆಂಚ್ ಕಲಿತು ಪತ್ರಿಕಾಗೋಷ್ಠಿಗಳಲ್ಲಿ ಫ್ರೆಂಚ್‌ನಲ್ಲೇ ಮಾತಾಡಿದ. ಅವರ ಸ್ತಾದ್ ಮಯೋಲ್ ಮೈದಾನದಲ್ಲಿ ಒಬ್ಬ ಇಂಗ್ಲಿಷ್‌ನವನಿಗೆ ಆ ಜನ ಕೊಟ್ಟ ಪ್ರೀತಿ ನೋಡಿ, ಇಂಗ್ಲೆಂಡ್–ಫ್ರಾನ್ಸ್ ಪೈಪೋಟಿ ಗೊತ್ತಿರೋರಿಗೆ ಆಶ್ಚರ್ಯ ಆಗದೇ ಇರಲ್ಲ. ಆಟದಲ್ಲೂ ಬಿಗಿತ ಕಮ್ಮಿಯಾದ ಹಾಗೆ ನನಗೆ ಕಾಣುತ್ತೆ. 2013ರಲ್ಲಿ ಡಬ್ಲಿನ್‌ನಲ್ಲಿ ಯುರೋಪಿನ ಕ್ಲಬ್‌ಗಳ ಹೈನೆಕನ್ ಕಪ್ ಫೈನಲ್. ಎದುರಾಳಿ ಕ್ಲೆರ್ಮಾಂ ಮುಂದಿತ್ತು, ತುಲೋನ್‌ನ ಡೆಲನ್ ಆರ್ಮಿಟೇಜ್ ಟ್ರೈ ಹೊಡೆದ, ಜಾನಿಯ ಕನ್ವರ್ಷನ್‌ನಿಂದ 16–15ರ ಗೆಲುವು. ಮರುವರ್ಷ ಕಾರ್ಡಿಫ್‌ನಲ್ಲಿ ಸಾರಸೆನ್ಸ್ ವಿರುದ್ಧ 23–6, ಮತ್ತೆ ಕಪ್. ಒಂದು ವಾರಕ್ಕೆ, 2014ರ ಮೇ 31ಕ್ಕೆ, ಸ್ತಾದ್ ದ ಫ್ರಾನ್ಸ್‌ನಲ್ಲಿ ಅವನ ಕೊನೆಯ ಪಂದ್ಯ. ಕಾಸ್ತ್ರ್ ವಿರುದ್ಧ 18–10, ಫ್ರೆಂಚ್ ಲೀಗ್ ಕೂಡ ತುಲೋನ್‌ಗೆ. ಹದಿನೆಂಟರಲ್ಲಿ 15 ಜಾನಿ ಒದ್ದದ್ದು. ಪ್ಯಾರಿಸ್‌ನ ಆ ಸ್ಟೇಡಿಯಂನಲ್ಲಿ ಅವತ್ತು ಅವನ ಗೌರವಕ್ಕೆ ಇಂಗ್ಲೆಂಡ್‌ನ ರಾಷ್ಟ್ರಗೀತೆ ಮೊಳಗಿತು. ಫ್ರೆಂಚರು ಇನ್ಯಾವ ಇಂಗ್ಲಿಷ್ ಆಟಗಾರನಿಗೆ ಹೀಗೆ ಮಾಡಿಯಾರು?

ಹಾಗಾಗಿ ಜಾನಿಯನ್ನ ಮೊದಲ ಸಲ ನೋಡೋರು ತುಲೋನ್‌ನ ಆ ಕೊನೆಯ ಎರಡು ಸೀಸನ್‌ನಿಂದ ಶುರು ಮಾಡಿ. ತುಣುಕು ಬೇಡ, ಒಂದು ಪೂರ್ತಿ ಪಂದ್ಯ. ಚೆಂಡು ಅವನ ಹತ್ತಿರ ಇಲ್ಲದಾಗ ಅವನು ಎಲ್ಲಿ ನಿಂತಿದ್ದಾನೆ, ಯಾರಿಗೆ ಏನು ಕೂಗಿ ಹೇಳ್ತಿದ್ದಾನೆ ಅಂತ ಗಮನಿಸಿ, ಸಿಡ್ನಿಯನ್ನ ಆಮೇಲೆ ನೋಡಿದ್ರಾಯ್ತು.