ಕಿಟ್ ಕೊಟ್ಟದ್ದು ಸಾಕು, ಮನೆಗೆ ಹೋಗಿ

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾದಲ್ಲಿ ಕೂತು ಕೇಳುತ್ತಿರುವ ನಮ್ಮ ಕನ್ನಡದ ಕಥೋಲಿಕರಿಗೆ, ಕಥೋಲಿಕರಲ್ಲದಿದ್ದರೂ ಪ್ರತಿ ವಾರ ತಪ್ಪದೆ ಕೇಳುವವರಿಗೆ ಸ್ವಾಗತ. ಇವತ್ತು ಮಾತಾಡಬೇಕು ಅಂದುಕೊಂಡಿದ್ದ ವಿಷಯವೇ ಬೇರೆ. ಆದರೆ ಹೋದ ಕಂತಿನ ಕೆಳಗೆ ಒಬ್ಬರು ಬರೆದ ಕಾಮೆಂಟ್ ಓದಿದ ಮೇಲೆ ಅದನ್ನು ಬದಿಗಿಟ್ಟೆ. ಅವರು ಬರೆದದ್ದು ಇಷ್ಟು: "ನಮ್ಮ ಚರ್ಚಿನಲ್ಲಿ ತಪಸ್ಸುಕಾಲದಲ್ಲಿ ಬಡವರಿಗೆ ರೇಷನ್ ಕಿಟ್ ಕೊಟ್ಟಿದ್ದೇವೆ. ಫೋಟೋ ಗ್ರೂಪಿನಲ್ಲಿದೆ. ಇನ್ನೇನು ಮಾಡಬೇಕು ಅಂತೀರಿ?" ತಪಸ್ಸುಕಾಲ ಅಂದರೆ ಈಸ್ಟರಿಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳು.

ಹೇಳ್ತೇನೆ. ಮನೆಗೆ ಹೋಗಬೇಕು.

ಇಷ್ಟೇ ನನ್ನ ಮಾತು. ಕಿಟ್ ಬೇಡ ಅನ್ನುತ್ತಿಲ್ಲ. ಮನೆಗೆ ಹೋಗದೆ ಕಿಟ್ ಕೊಡುವುದನ್ನು ಕರುಣೆ ಅಂತ ಕರೆಯಬೇಡಿ ಅನ್ನುತ್ತಿದ್ದೇನೆ.

ಆ ಕಿಟ್ಟಿನಲ್ಲಿ ಏನಿರುತ್ತದೆ? ಅಕ್ಕಿ, ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಸಕ್ಕರೆ, ಚಹಾಪುಡಿ, ಒಂದು ಸಾಬೂನು. ಯಾರಿಗೆ ಕೊಟ್ಟಿರಿ? ನಾಕಾದಲ್ಲಿ, ಅಂದರೆ ಬೀದಿ ಮೂಲೆಯಲ್ಲಿ, ಕೂಲಿಗೆ ನಿಲ್ಲುವ ಕಲಬುರಗಿ, ಯಾದಗಿರಿ ಕಡೆಯ ಮಂದಿಗೆ. ಅವರ ಊಟ ಜೋಳದ ರೊಟ್ಟಿ. ಐದು ಕಿಲೋ ಜೋಳದ ಹಿಟ್ಟು ಕೊಟ್ಟಿದ್ದರೆ ಕೆಲವು ದಿನವಾದರೂ ಹೊಟ್ಟೆ ತಣ್ಣಗಿರುತ್ತಿತ್ತು. ಒಂದು ಸಲ ಅವರ ಖೋಲಿಯೊಳಗೆ ಹೋಗಿ ಒಲೆ ಹತ್ತಿರ ನೋಡಿದ್ದರೆ ತಿಳಿಯುತ್ತಿತ್ತು. ಇನ್ನೂ ಒಂದು ತಿಳಿಯುತ್ತಿತ್ತು, ಸಿಲಿಂಡರ್ ಖಾಲಿಯಾಗಿ ಎಷ್ಟೋ ದಿನ ಆಗಿದೆ ಅಂತ. ಗ್ಯಾಸ್ ಇಲ್ಲದ ಮನೆಗೆ ಬೇಳೆ ಕೊಟ್ಟರೆ ಬೇಯಿಸುವುದು ಯಾವುದರಲ್ಲಿ ಮಾರಾಯ್ರೆ?

ರೋಗಿಗಳ ಮನೆಯದೂ ಇದೇ ಕಥೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪ್ರೀತಿಯಿಂದ ಹಣ್ಣಿನ ಬುಟ್ಟಿ ಕಳಿಸುತ್ತಾರೆ. ಬಾಳೆಹಣ್ಣು, ಕಿತ್ತಳೆ, ಜೊತೆಗೆ ಎಳನೀರು. ಕಿಡ್ನಿ ಕೆಲಸ ಮಾಡದವರ ಮೈಯಲ್ಲಿ ಪೊಟ್ಯಾಶಿಯಂ ಹೊರಹೋಗದೆ ಉಳಿಯುತ್ತದೆ, ಏರಿದರೆ ಹೃದಯವೇ ನಿಲ್ಲಬಹುದು. ಈ ಮೂರರಲ್ಲೂ ಅದೇ ತುಂಬಿದೆ. ಹತ್ತು ನಿಮಿಷ ಆ ಮನೆಯಲ್ಲಿ ಕೂತು "ಡಾಕ್ಟರು ಏನು ತಿನ್ನಬೇಡಿ ಅಂದಿದ್ದಾರೆ?" ಅಂತ ಕೇಳಿದ್ದರೆ ಸಾಕಿತ್ತು. ಯಾರೂ ಕೇಳಲಿಲ್ಲ, ಯಾಕೆಂದರೆ ಯಾರೂ ಒಳಗೆ ಹೋಗಲಿಲ್ಲ. ಬುಟ್ಟಿ ಬಾಗಿಲಲ್ಲೇ ಕೊಟ್ಟು ಬಂದರು.

ಮನೆಗೆ ಹೋಗಿ.

ಇದು ನಾನು ಹುಟ್ಟಿಸಿದ ಹೊಸ ಉಪದೇಶ ಅಲ್ಲ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ ತೆಗೆಯಿರಿ, 529ನೇ ಕಾನೂನು. ಧರ್ಮಕೇಂದ್ರದ ಗುರುಗಳು, ಅಂದರೆ ನಮ್ಮ ಚರ್ಚಿನ ಫಾದರ್, ಕುಟುಂಬಗಳನ್ನು ಭೇಟಿ ಮಾಡಬೇಕು, ಅವರ ಚಿಂತೆ ದುಃಖಗಳಲ್ಲಿ ಪಾಲು ತೆಗೆದುಕೊಳ್ಳಬೇಕು, ಬಡವರನ್ನು, ನೊಂದವರನ್ನು, ಒಂಟಿಯಾದವರನ್ನು, ಊರು ಬಿಟ್ಟು ಬಂದವರನ್ನು ಹುಡುಕಿಕೊಂಡು ಹೋಗಬೇಕು. ಹುಡುಕಿಕೊಂಡು! ಅವರು ಚರ್ಚ್ ಆಫೀಸಿನ ಮುಂದೆ ಸಾಲು ನಿಲ್ಲಬೇಕು ಅಂತ ಎಲ್ಲೂ ಇಲ್ಲ. 222ನೇ ಕಾನೂನು ನಮಗೆ, ಸಾಮಾನ್ಯ ವಿಶ್ವಾಸಿಗಳಿಗೆ: ನಿಮ್ಮ ಸ್ವಂತ ಆದಾಯದಿಂದ ಬಡವರಿಗೆ ನೆರವಾಗುವುದು ನಿಮ್ಮ ಕರ್ತವ್ಯ. ಹಾಗಾಗಿ "ಅದೆಲ್ಲ ಫಾದರ್ ಕೆಲಸ" ಅನ್ನುವವರು ದಯವಿಟ್ಟು ಸುಮ್ಮನಿರಿ.

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಮ್ ಮತ್ತು ಅವರ ಗೆಳೆಯರು ಬಡವರ ಸೇವೆಗೆಂದು ಸಂತ ವಿನ್ಸೆಂಟ್ ಡಿ ಪಾವ್ಲ್ ಸಂಘ ಶುರು ಮಾಡಿದಾಗ ಓಝನಾಮ್ ವಯಸ್ಸು 20. ಕಾಲೇಜು ಹುಡುಗರು. ಬಡವರ ಮನೆಗೆ ಹೋಗುವುದು ಹೇಗೆ ಅಂತ ಅವರಿಗೆ ಕಲಿಸಿದ್ದು ಆ ಬಡ ಬೀದಿಗಳಲ್ಲೇ ದುಡಿಯುತ್ತಿದ್ದ ಸಿಸ್ಟರ್ ರೋಸಲಿ ರೆಂಡು. ಈ ಸಂಘದ ಬೆನ್ನೆಲುಬೇ ಮನೆ ಭೇಟಿ. ಇಬ್ಬಿಬ್ಬರು ಜೊತೆಯಾಗಿ ಹೋಗುವುದು, ಕಂಡದ್ದನ್ನು ಸಭೆಯಲ್ಲಿ ಮಾತ್ರ ಹೇಳುವುದು, ಸಭೆಯ ಕೊನೆಗೆ ಯಾರು ಎಷ್ಟು ಹಾಕಿದರು ಅಂತ ತಿಳಿಯದ ಹಾಗೆ ಗುಟ್ಟಿನ ಚೀಲ ತಿರುಗಿಸುವುದು. ನಮ್ಮ ಎಷ್ಟೋ ಚರ್ಚುಗಳಲ್ಲಿ ಇದರ ಘಟಕ ಇವತ್ತಿಗೂ ಇದೆ. ಅಲ್ಲಿರುವವರ ವಯಸ್ಸು ನೋಡಿ. ಎಲ್ಲ ನಿವೃತ್ತರು. ಮೊಣಕಾಲು ನೋವಿಟ್ಟುಕೊಂಡು ಅವರೇ ಚಾಳಿನ ಮೂರನೇ ಮಾಳಿಗೆ ಹತ್ತುತ್ತಿದ್ದಾರೆ. ನಮ್ಮ ಯುವಜನ ಚರ್ಚ್ ಹಬ್ಬದ ಲೈಟಿಂಗ್ ಕಮಿಟಿಯಲ್ಲಿದ್ದಾರೆ.

ಈ ಮಾತು ಕೆಲವರಿಗೆ ಚುಚ್ಚುತ್ತದೆ, ಗೊತ್ತು. ಚುಚ್ಚಲಿ. ನಡುವೆ ಒಂದು ಮಾತು, ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ಆಗಿಬಿಡಿ. ಚರ್ಚಿನ ಒಳಗಿನವರೇ ಚರ್ಚಿನ ಬಗ್ಗೆ ಕನ್ನಡದಲ್ಲಿ ಹೀಗೆ ಮಾತಾಡುವ ಜಾಗ ಜಾಸ್ತಿ ಇಲ್ಲ.

ಹೋಗುವುದು ಹೇಗೆ? ಭಾನುವಾರ ಮಧ್ಯಾಹ್ನ ಒಳ್ಳೆಯದು. ವಾರದ ದಿನ ಹೋದರೆ ಹೆಂಗಸರು ಮನೆಗೆಲಸಕ್ಕೆ ಹೋಗಿರುತ್ತಾರೆ, ಗಂಡಸರು ನಾಕಾದಲ್ಲಿ ಇರುತ್ತಾರೆ. ಇಬ್ಬರೇ ಹೋಗಿ, ಒಬ್ಬರಾದರೂ ಹೆಂಗಸಿರಲಿ. ನಾಲ್ಕೈದು ಜನ ಹೋದರೆ ಇಡೀ ಗಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತದೆ, ಆ ಮನೆಯವರ ಮಾನ ಹೋಗುತ್ತದೆ. ಮೊದಲ ಸಲ ಕೈಯಲ್ಲಿ ಏನೂ ಬೇಡ, ಕಾಗದ ಪತ್ರ ಕೇಳುವುದೂ ಬೇಡ. ಚಾಪೆ ಹಾಕಿದರೆ ಚಾಪೆ ಮೇಲೆ ಕೂರಿ, ಚಹಾ ಕೊಟ್ಟರೆ ಕುಡಿಯಿರಿ. ಬಾಡಿಗೆ ಎಷ್ಟು ಬಾಕಿ, ಕಿರಾಣಿ ಅಂಗಡಿಯಲ್ಲಿ ಉದ್ರಿ ಎಷ್ಟು, ಬಡ್ಡಿಗೆ ತಂದದ್ದು ಇದೆಯೇ, ಮಾತ್ರೆ ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ ಅನ್ನುವುದೆಲ್ಲ ಮಾತಿನ ನಡುವೆ ತಾನಾಗಿ ಬರುತ್ತದೆ. ಬಾಗಿಲಲ್ಲಿ ನಿಂತು "ಮಾಡ್ತೇವೆ, ಕೊಡ್ತೇವೆ" ಅಂತ ಮಾತ್ರ ಹೇಳಬೇಡಿ. ತೀರ್ಮಾನ ಆಗಬೇಕಾದದ್ದು ನಿಮ್ಮ ಘಟಕದ ಸಭೆಯಲ್ಲಿ. ಲೆಕ್ಕದ ಪುಸ್ತಕದಲ್ಲಿ ಆ ಮನೆಯವರ ಹೆಸರು ಬೇಡ, ನಂಬರ್ ಹಾಕಿ. ಫೀಸ್ ಶಾಲೆಗೇ ಕಟ್ಟಿ, ಉದ್ರಿ ಅಂಗಡಿಯವನಿಗೇ ಕೊಡಿ. ಆಮೇಲೆ ಹತ್ತು ದಿನದೊಳಗೆ ಮತ್ತೆ ಹೋಗಿ. ಇಲ್ಲೇ ಎಲ್ಲರೂ ಕೈಬಿಡುವುದು. ಯೇಸು ಹೇಳಿದ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಛತ್ರಕ್ಕೆ ಸೇರಿಸಿದ ಒಳ್ಳೆಯ ಸಮಾರಿಯದವನು ಛತ್ರದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂದ. ತಿರುಗಿ ಬರುವಾಗ! ಅವನೂ ಎರಡನೇ ಸಲ ಬರುವ ಲೆಕ್ಕ ಇಟ್ಟುಕೊಂಡಿದ್ದ.

ಒಳಗೆ ಕೂತಾಗಲೇ ತಿಳಿಯುವುದು, ಈ ಮನೆಗೆ ಬೇಕಾದದ್ದು ಅಕ್ಕಿಯಲ್ಲ, ಕಾಗದದ ಕೆಲಸ ಮಾಡಿಕೊಡುವ ಒಬ್ಬ ಮನುಷ್ಯ ಅಂತ. ಕರ್ನಾಟಕದ ಬಿಪಿಎಲ್ ಕಾರ್ಡಿಗೆ ತಲಾ ತಿಂಗಳಿಗೆ 5 ಕಿಲೋ ಕೇಂದ್ರದ ಧಾನ್ಯ ಮುಂಬೈಯ ರೇಷನ್ ಅಂಗಡಿಯಲ್ಲೇ ಸಿಗುತ್ತದೆ, 'ಒಂದು ದೇಶ ಒಂದು ರೇಷನ್ ಕಾರ್ಡ್' ಯೋಜನೆಯಲ್ಲಿ. ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ಗೊತ್ತಿದ್ದವರಿಗೂ ಯಂತ್ರ ಬೆರಳು ಒಪ್ಪುವುದಿಲ್ಲ, ಸಿಮೆಂಟ್ ಕಲಸಿ ಕಲಸಿ ಬೆರಳಿನ ಗೆರೆ ಸವೆದಿರುತ್ತದೆ. ಅಂಗಡಿಯವನು ಹಿಂದಕ್ಕೆ ಕಳಿಸಿದರೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಹೆಂಗಸು ಏನು ಜಗಳ ಮಾಡಿಯಾಳು? ಬೇರೆ ಬೆರಳು ನೋಡಿ, ಕಾರ್ಡಿನಲ್ಲಿರುವ ಮನೆಯ ಇನ್ನೊಬ್ಬರ ಬೆರಳು ತೆಗೆದುಕೊಳ್ಳಿ ಅಂತ ಪಕ್ಕದಲ್ಲಿ ನಿಂತು ಮರಾಠಿಯಲ್ಲಿ ಹೇಳುವವರು ಬೇಕು. ಕನ್ನಡ, ಮರಾಠಿ ಎರಡೂ ಬರುವವರು ಯಾರು? ನಾವೇ ಅಲ್ಲವೇ?

ಆಸ್ಪತ್ರೆ ವಿಷಯ ಇದಕ್ಕಿಂತ ದೊಡ್ಡದು. ಮಹಾರಾಷ್ಟ್ರದಲ್ಲಿ ಧರ್ಮಾರ್ಥ ಟ್ರಸ್ಟಿನ ಆಸ್ಪತ್ರೆಗಳಿಗೆ ಸಾರ್ವಜನಿಕ ಟ್ರಸ್ಟ್ ಕಾಯಿದೆಯ 41ಎಎ ಕಲಮು ಅನ್ವಯಿಸುತ್ತದೆ. ಬಾಂಬೆ ಹೈಕೋರ್ಟ್ 2006ರಲ್ಲಿ ಅಂತಿಮಗೊಳಿಸಿದ ಯೋಜನೆಯಂತೆ ನೂರಕ್ಕೆ 10 ಹಾಸಿಗೆ ತೀರಾ ಬಡವರಿಗೆ ಪೂರ್ತಿ ಉಚಿತ, ಇನ್ನು 10 ಹಾಸಿಗೆ ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ. ಒಟ್ಟು ಬಿಲ್ಲಿಂಗಿನ ನೂರಕ್ಕೆ 2ರಷ್ಟನ್ನು ಬಡ ರೋಗಿಗಳ ನಿಧಿಗೆ ತೆಗೆದಿಡಬೇಕು. ತುರ್ತಿದ್ದರೆ ಡಿಪಾಸಿಟ್ ಕೇಳದೆ ಸೇರಿಸಿಕೊಳ್ಳಬೇಕು. ಕೇಳಬೇಕಾದದ್ದು ಬಿಲ್ಲಿಂಗ್ ಕೌಂಟರಿನಲ್ಲಿ ಅಲ್ಲ, ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ. ರೇಷನ್ ಕಾರ್ಡ್ ಅಥವಾ ತಹಶೀಲ್ದಾರರ ಆದಾಯ ಪ್ರಮಾಣಪತ್ರ ಬೇಕು. ನಮ್ಮವರು ಏನು ಮಾಡುತ್ತಾರೆ? ಎರಡು ದಿನ ಡಿಪಾಸಿಟ್ ಕಟ್ಟಿ, ಬಳೆ ಅಡವಿಟ್ಟು, ಬಿಡುಗಡೆಯ ದಿನ ಚರ್ಚ್ ಆಫೀಸಿಗೆ ಓಡಿ ಬರುತ್ತಾರೆ. ಅಷ್ಟರಲ್ಲಿ ಫೈಲು ಸಾಮಾನ್ಯ ರೋಗಿಯ ಹೆಸರಲ್ಲಿ ಆಗಿಹೋಗಿರುತ್ತದೆ. ಮೊದಲ ದಿನವೇ ಜೊತೆಗೆ ಒಬ್ಬರು ಹೋಗಿದ್ದರೆ! ಚರ್ಚಿನ ಒಂದು ಪೈಸೆ ಖರ್ಚಾಗುತ್ತಿರಲಿಲ್ಲ. ಖರ್ಚು ನಿಮ್ಮ ಒಂದು ಮಧ್ಯಾಹ್ನ, ಅಷ್ಟೇ.

ಹಾಸಿಗೆ ಹಿಡಿದವರಿಗೆ ಪರಮಪ್ರಸಾದ, ಅಂದರೆ ಪೂಜೆಯ ಪವಿತ್ರ ರೊಟ್ಟಿ, ಒಯ್ಯುವವರಿಗೂ ಒಂದು ಮಾತು. ನಿಮ್ಮ ಸೇವೆ ದೊಡ್ಡದು. ಆದರೆ ಬಂದು, ಕೊಟ್ಟು, ಐದು ನಿಮಿಷದಲ್ಲಿ ಮುಂದಿನ ಮನೆಗೆ ಓಡಬೇಡಿ. "ಮಾತ್ರೆ ತಗೊಂಡೆ, ಗಂಜಿ ಕುಡಿದೆ, ಇವತ್ತು ಪ್ರಸಾದ ಬೇಡ" ಅಂತ ಎಷ್ಟು ಮುದುಕರು ಬಾಯಿ ಮುಚ್ಚಿಕೊಳ್ಳುತ್ತಾರೆ! ಪ್ರಸಾದಕ್ಕೆ ಮುಂಚೆ ಒಂದು ಗಂಟೆ ಉಪವಾಸ ಇರಬೇಕು ಅನ್ನುವ ನಿಯಮದ ಭಯ ಅದು. ನೀರು, ಔಷಧಿಯಿಂದ ಆ ಉಪವಾಸ ಮುರಿಯುವುದಿಲ್ಲ. 919ನೇ ಕಾನೂನಿನ ಪ್ರಕಾರ ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಒಂದು ಗಂಟೆಯ ಉಪವಾಸವೇ ಇಲ್ಲ. ನುಂಗಲಾಗದವರಿಗೆ ಚಿಕ್ಕ ತುಣುಕು, ಒಂದು ಚಮಚ ನೀರು. ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಗನವನ್ನು ಉಸಿರು ನಿಲ್ಲುವ ಗಳಿಗೆಗೆ ಇಟ್ಟುಕೊಳ್ಳಬೇಡಿ, ರೋಗ ಅಥವಾ ಮುಪ್ಪಿನಿಂದ ಅಪಾಯ ಶುರುವಾದಾಗಲೇ ಕೊಡಬಹುದು, ಕಾಯಿಲೆ ಬಿಗಡಾಯಿಸಿದರೆ ಮತ್ತೆ ಕೊಡಬಹುದು. "ಫಾದರ್ ಬಂದರೆ ಕಥೆ ಮುಗಿಯಿತು" ಅನ್ನುವ ಭಯ ಹೋಗಬೇಕಾದರೆ ಫಾದರ್ ಸಾವಿಲ್ಲದ ದಿನವೂ ಆ ಮನೆಗೆ ಬಂದಿರಬೇಕು.

ಸಾವಾದಾಗಲಂತೂ ಕೇಳಬೇಡಿ. ಮನೆಯಲ್ಲೇ ತೀರಿಹೋದರೆ ಡಾಕ್ಟರ ಸರ್ಟಿಫಿಕೇಟ್ ಬೇಕು, ರೋಗಿಯನ್ನು ಮೊದಲೇ ನೋಡಿದ ಡಾಕ್ಟರಿಲ್ಲದಿದ್ದರೆ ಯಾರೂ ಸಹಿ ಹಾಕುವುದಿಲ್ಲ, ಪೊಲೀಸು, ಪೋಸ್ಟ್‌ಮಾರ್ಟಂ ಅಂತ ಅಲೆದಾಟ. ಹೆಣ ಇಟ್ಟುಕೊಂಡು ರಾತ್ರಿಯಿಡೀ ಅಲೆಯುವ ಮನೆಯವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಸಾಯುವ ಮುಂಚೆ ಒಬ್ಬ ಡಾಕ್ಟರನ್ನು ಆ ಮನೆಗೆ ಕರೆದುಕೊಂಡು ಹೋಗಿದ್ದರೆ ಇದೆಲ್ಲ ಇರುತ್ತಿತ್ತೇ? ಇನ್ನು ಗೋರಿಯ ಶುಲ್ಕ. 1181ನೇ ಕಾನೂನು ಸ್ಪಷ್ಟ ಇದೆ, ಬಡವರಿಗೆ ತಕ್ಕ ಅಂತ್ಯಕ್ರಿಯೆ ತಪ್ಪಬಾರದು. ಆಫೀಸಿನ ಗುಮಾಸ್ತರಿಗೂ ಇದನ್ನು ಯಾರಾದರೂ ಓದಿ ಹೇಳಿ.

ಈಗ ವಾದ ಮಾಡುವವರು ಬರಲಿ. "ಮೋಸ ಮಾಡ್ತಾರೆ, ಮೂರು ಕಡೆ ಕಿಟ್ ತಗೊಳ್ತಾರೆ." ಮನೆಗೆ ಹೋದರೆ ಗೊತ್ತಾಗುತ್ತದಲ್ಲ! ಮೋಸದ ಭಯ ಇರುವವರೇ ಮೊದಲು ಹೋಗಬೇಕು. "ಕ್ರೈಸ್ತರಲ್ಲದವರ ಮನೆಗೆ ಹೋದರೆ ಮತಾಂತರ ಅಂತಾರೆ." ಕೈಯಲ್ಲಿ ಕರಪತ್ರ ಹಿಡಿಯಬೇಡಿ, ಅವರು ಕೇಳದೆ ಪ್ರಾರ್ಥನೆ ಶುರು ಮಾಡಬೇಡಿ, ಗುರುತಿನವರ ಜೊತೆ ಹೋಗಿ. ಆಸ್ಪತ್ರೆಯ ಅರ್ಜಿ ತುಂಬಿಕೊಡುವುದು ಯಾವ ಮತಾಂತರ? "ಮುಂಬೈಯಲ್ಲಿ ಟೈಮ್ ಎಲ್ಲಿದೆ?" ಮಾಹಿಮ್‌ನಲ್ಲಿ ಬುಧವಾರದ ನೊವೆನಾ ಪ್ರಾರ್ಥನೆಗೆ ಟೈಮ್ ಇದೆ, ಬಾಂದ್ರಾ ಜಾತ್ರೆಗೆ ಟೈಮ್ ಇದೆ. ಹೋಗಿ, ಸಂತೋಷ. ಪಕ್ಕದ ಗಲ್ಲಿಗೆ ಟೈಮ್ ಇಲ್ಲ ಅಂದರೆ ನಾನು ನಂಬುವುದಿಲ್ಲ.

ಇನ್ನೊಂದು, ಇದು ನನಗೆ ಸಹಿಸಲಿಕ್ಕೇ ಆಗದ್ದು. ಕೊಡುವುದೆಲ್ಲ ತಪಸ್ಸುಕಾಲಕ್ಕೆ, ಕ್ರಿಸ್ಮಸ್ಸಿಗೆ. ಡಿಸೆಂಬರಿನಲ್ಲಿ ಕೂಲಿಯವನಿಗೆ ಕೆಲಸ ಇರುತ್ತದೆ ಸ್ವಾಮಿ! ಒಲೆ ಆರುವುದು ಜೂನಿನಿಂದ. ಶಾಲೆ ಶುರು, ಫೀಸ್ ಕಟ್ಟಬೇಕು. ಮಳೆ ಹಿಡಿದರೆ ನಾಕಾದಲ್ಲಿ ಕರೆಯುವವರಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಮುಂಬೈಯ ಮಢ್, ಗೊರಾಯಿಯಿಂದ ಗೋವಾದವರೆಗೆ ಟ್ರಾಲರ್‌ಗಳೆಲ್ಲ ದಡದಲ್ಲಿ. ಆ ಎರಡು ತಿಂಗಳು ನಮ್ಮ ಕಿಟ್ ಎಲ್ಲಿರುತ್ತದೆ? ಮನೆಗೆ ಹೋಗುವವರಿಗೆ ಈ ಕ್ಯಾಲೆಂಡರ್ ಗೊತ್ತು. ಫೋಟೋ ಹಾಕುವವರಿಗೆ ಗೊತ್ತಿಲ್ಲ.

ಫೋಟೋ! ಕಿಟ್ ಒಂದು ಕೈಯಲ್ಲಿ, ಬ್ಯಾನರ್ ಹಿಂದೆ, ತಲೆ ತಗ್ಗಿಸಿದ ಆ ತಾಯಿ ನಡುವೆ. ಅವರ ಮಗಳು ಅದೇ ಚರ್ಚಿನಲ್ಲಿ ಧರ್ಮೋಪದೇಶಕ್ಕೆ ಬರುತ್ತಾಳೆ, ಆ ಫೋಟೋ ಅವಳ ಗೆಳತಿಯರ ಮನೆಯ ಮೊಬೈಲಿನಲ್ಲೂ ಇದೆ. ಯಾವ ಹಕ್ಕಿನಿಂದ ತೆಗೆದಿರಿ? ಬೈಬಲಿನಲ್ಲಿ ಮತ್ತಾಯನ 25ನೇ ಅಧ್ಯಾಯದಲ್ಲಿ ಪ್ರಭು ಯೇಸು "ರೋಗಿಯಾಗಿದ್ದೆ, ನನ್ನನ್ನು ನೋಡಲು ಬಂದಿರಿ" ಅಂದರು. ಬಂದಿರಿ ಅಂದರು. ಇನ್ನು ಇದಕ್ಕಿಂತ ಬಿಡಿಸಿ ಹೇಳಲು ನನ್ನಿಂದ ಆಗದು. ಮನೆಗೆ ಹೋಗಿ. ಕೌನ್ಸಿಲ್ ಮೀಟಿಂಗ್ ಆಮೇಲೆ ಮಾಡಿ, ಮೊದಲು ಹೋಗಿ.

ಮುಂದಿನ ಕಂತಿನಲ್ಲಿ ಧರ್ಮಾರ್ಥ ಆಸ್ಪತ್ರೆಯ ಅರ್ಜಿ ತುಂಬುವುದು ಹೇಗೆ ಅಂತ ಸಾಲು ಸಾಲಾಗಿ ತೋರಿಸುತ್ತೇನೆ. ನಿಮ್ಮ ವಾರ್ಡಿನ ಗ್ರೂಪಿಗೆ ಈ ಕಂತು ಕಳಿಸಿ, ಕಿಟ್ ಕಾಮೆಂಟ್ ಬರೆದವರಿಗೂ ಕಳಿಸಿ. ಕಷ್ಟದಲ್ಲಿರುವ ಮನೆ ಯಾವುದು ಅಂತ ಗೊತ್ತಿದ್ದರೆ ಇಲ್ಲಿ ಕಾಮೆಂಟಿನಲ್ಲಿ ಹೆಸರು ಹಾಕಬೇಡಿ, ನಾನು ಅಳಿಸಿಬಿಡುತ್ತೇನೆ. ನಿಮ್ಮ ಜೊತೆ ಬರುವ ಇನ್ನೊಬ್ಬರಿಗೆ ಫೋನ್ ಮಾಡಿ, ಭಾನುವಾರ ಎಷ್ಟು ಗಂಟೆಗೆ ಅಂತ ಗೊತ್ತು ಮಾಡಿಕೊಳ್ಳಿ.