ಸಿಓ ಅಲಾರಂ 40 ತೋರಿಸಿಯೂ ಕೂಗಲಿಲ್ಲ, ಯಾಕೆ?

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಂದು ಪ್ರಶ್ನೆ ಬಂದಿತ್ತು. ಕೇಳಿದವರು ಅಮೆರಿಕದಲ್ಲಿದ್ದಾರೆ. ಅವರ ಮನೆಯ ಕಾರ್ಬನ್ ಮೋನಾಕ್ಸೈಡ್, ಅಂದರೆ ಸಿಓ ಅಲಾರಂನಲ್ಲಿ ಅಂಕಿ ತೋರಿಸುವ ಪುಟ್ಟ ಪರದೆ ಇದೆ. ಒಂದು ಸಂಜೆ ಅದರಲ್ಲಿ 40 ಅಂತ ಬಂತು. ಒಂದು ಗಂಟೆ ಕಳೆದರೂ ಅದು ಕೂಗಲಿಲ್ಲ. ಅಲಾರಂ ಕೆಟ್ಟಿದೆಯಾ, ಇಲ್ಲಾ 40 ಅಂದರೆ ಭಯಪಡುವಂಥದ್ದೇನೂ ಅಲ್ವಾ?

ಎರಡೂ ಅಲ್ಲ. ಇವತ್ತು ಅದನ್ನೇ ನೋಡೋಣ.

ಮೊದಲು ಗೊತ್ತಿರಬೇಕಾದ್ದನ್ನು ಬೇಗ ಹೇಳಿಬಿಡುತ್ತೇನೆ. ಗ್ಯಾಸ್, ಇದ್ದಿಲು, ಸೌದೆ, ಪೆಟ್ರೋಲ್, ಡೀಸೆಲ್ ಯಾವುದೇ ಆಗಲಿ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದರೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. "ಸಿಲಿಂಡರ್ ಸೋರಿದರೆ ವಾಸನೆ ಬರುತ್ತದಲ್ಲ" ಅಂತ ಕೆಲವರು ಧೈರ್ಯವಾಗಿರುತ್ತಾರೆ. ಆ ವಾಸನೆ ಉರಿಯದ ಗ್ಯಾಸಿಗೆ ಬೇಕೆಂದೇ ಸೇರಿಸಿದ್ದು. ಗ್ಯಾಸ್ ಉರಿದ ಮೇಲೆ ಹುಟ್ಟುವ ಸಿಓಗೆ ಅದು ಇರುವುದಿಲ್ಲ. ಈ ಅನಿಲ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದು ಹಿಡಿದ ಜಾಗಕ್ಕೆ ಆಮ್ಲಜನಕ ಬರಲಾಗುವುದಿಲ್ಲ. ತಲೆನೋವು, ಸುಸ್ತು, ವಾಕರಿಕೆ, ಆಮೇಲೆ ಎಚ್ಚರ ತಪ್ಪುತ್ತದೆ. ಇಷ್ಟು ಸಾಕು.

ಈಗ ಆ 40ರ ವಿಷಯ. ಅದು 40 ಪಿಪಿಎಂ. ಪಿಪಿಎಂ ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಸಿಓ ಇದೆ ಅನ್ನುವ ಲೆಕ್ಕ. ಅಮೆರಿಕದಲ್ಲಿ ಮನೆ ಅಲಾರಂಗಳು ಪಾಲಿಸುವ ಮಾನದಂಡದ ಹೆಸರು ಯುಎಲ್ 2034. ಅಲಾರಂ ಯಾವಾಗ ಕೂಗಬೇಕು ಅಂತ ಅದರಲ್ಲಿ ಬರೆದಿರುವುದನ್ನು ನೋಡಿ.

[ಪರದೆಯ ಮೇಲೆ: 70 ಪಿಪಿಎಂ ಇದ್ದರೆ 60ರಿಂದ 240 ನಿಮಿಷದೊಳಗೆ. 150 ಇದ್ದರೆ 10ರಿಂದ 50 ನಿಮಿಷದೊಳಗೆ. 400 ಇದ್ದರೆ 4ರಿಂದ 15 ನಿಮಿಷದೊಳಗೆ.]

ಗಮನಿಸಿದಿರಾ? 70 ಪಿಪಿಎಂ ಇದ್ದರೆ ಮೊದಲ ಒಂದು ಗಂಟೆ ಅದು ಕೂಗಲೇಬಾರದು. ನಾಲ್ಕು ಗಂಟೆ ಸುಮ್ಮನಿದ್ದರೂ ಪರೀಕ್ಷೆಯಲ್ಲಿ ಪಾಸ್. 30 ಪಿಪಿಎಂ ಮಾತ್ರ ಇದ್ದರೆ 30 ದಿನ ಕೂಗಬಾರದು. 40ಕ್ಕೆ ಕೂಗಲೇಬೇಕು ಅನ್ನುವ ನಿಯಮವೇ ಇಲ್ಲ. ಅದೇ ಅಮೆರಿಕದಲ್ಲಿ ಹೊರಗಿನ ಗಾಳಿಗೆ ಇಟ್ಟಿರುವ ಮಿತಿ ಎಂಟು ಗಂಟೆಗಳ ಸರಾಸರಿಯಲ್ಲಿ 9 ಪಿಪಿಎಂ. ರಸ್ತೆಗೆ 9, ಮಲಗುವ ಕೋಣೆಯಲ್ಲಿ 40 ಬಂದರೂ ಸದ್ದಿಲ್ಲ. ಇದು ಹೇಗೆ?

ಇದು ಅರ್ಥವಾಗಬೇಕಾದರೆ ಒಂದು ಬಕೆಟ್ ನೆನೆಸಿಕೊಳ್ಳಿ. ಮೇಲೆ ನಲ್ಲಿ ಇದೆ. ಬಕೆಟ್ಟಿನ ತಳದಲ್ಲಿ ಸಣ್ಣ ತೂತಿದೆ. ಒಳಗೆ ಒಂದು ಗೆರೆ ಎಳೆದಿದೆ. ನಲ್ಲಿಯಿಂದ ಬೀಳುವ ನೀರು ನೀವು ಉಸಿರಾಡುವ ಸಿಓ. ಬಕೆಟ್ ನಿಮ್ಮ ರಕ್ತ. ತೂತಿನಿಂದ ಹೋಗುವುದು ಉಸಿರಿನ ಜೊತೆ ನಿಧಾನವಾಗಿ ಹೊರಬೀಳುವ ಸಿಓ. ನಲ್ಲಿ ಜೋರಾಗಿ ಬಿಟ್ಟರೆ ಗೆರೆ ಕೆಲವೇ ನಿಮಿಷದಲ್ಲಿ ಮುಟ್ಟುತ್ತದೆ, ಅದು 400 ಪಿಪಿಎಂ. ಅರ್ಧ ಬಿಟ್ಟರೆ ಗಂಟೆಗಟ್ಟಲೆ ಬೇಕು, ಅದು 70. ತೊಟ್ಟಿಕ್ಕುವಷ್ಟು ಬಿಟ್ಟರೆ, ಬೀಳುವುದೂ ಸೋರುವುದೂ ಸಮವಾಗಿ ನೀರು ಗೆರೆಗಿಂತ ಕೆಳಗೇ ನಿಂತುಬಿಡುತ್ತದೆ, ಅದು 30.

ಆ ಗೆರೆ ಶೇಕಡಾ 10. ನಿಮ್ಮ ಹಿಮೋಗ್ಲೋಬಿನ್ನಿನ ನೂರರಲ್ಲಿ ಹತ್ತು ಪಾಲನ್ನು ಸಿಓ ಹಿಡಿದುಕೊಂಡ ಹಂತ. ಆರೋಗ್ಯವಂತ ದೊಡ್ಡವರಿಗೆ ಸುಮಾರಾಗಿ ಅಲ್ಲಿಂದಾಚೆ ತಲೆನೋವು ಶುರು. ನಿಮ್ಮ ಗೋಡೆಯ ಮೇಲಿನ ಆ ಬಿಳಿ ಡಬ್ಬಿ ನೋಡುತ್ತಿರುವುದು ನಲ್ಲಿಯನ್ನಲ್ಲ, ಬಕೆಟ್ಟನ್ನು. ಗಾಳಿಯಲ್ಲಿ ಎಷ್ಟಿದೆ, ಎಷ್ಟು ಹೊತ್ತಿನಿಂದ ಇದೆ, ಎರಡನ್ನೂ ಸೇರಿಸಿ ನಿಮ್ಮ ರಕ್ತ ಎಲ್ಲಿಗೆ ಮುಟ್ಟಿರಬಹುದು ಅಂತ ಒಳಗೊಳಗೇ ಲೆಕ್ಕ ಹಾಕುತ್ತಿರುತ್ತದೆ. ಬೆರಳಿಗೆ ಸೂಜಿ ಚುಚ್ಚದೆ ರಕ್ತದ ಅಂದಾಜು ಮಾಡುವ ಯಂತ್ರ. ನನಗೆ ಇದು ನಿಜಕ್ಕೂ ಅದ್ಭುತ ಅನ್ನಿಸುತ್ತದೆ.

ಆದರೆ ಅದು ಯಾರ ಬಕೆಟ್? ಆರೋಗ್ಯವಂತ ದೊಡ್ಡವರದು. ಗರ್ಭಿಣಿ, ಹಸುಗೂಸು, ಹೃದಯದ ತೊಂದರೆ ಇರುವ ಅಜ್ಜ, ಇವರಿಗೆ ಗೆರೆ ಇನ್ನೂ ಕೆಳಗಿದೆ. ಅಂಥವರು ಇರುವ ಮನೆಗೆ ಅಂಕಿ ತೋರಿಸುವ ಅಲಾರಂ ತನ್ನಿ, ಕೂಗುವವರೆಗೆ ಕಾಯಬೇಡಿ. ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರವೂ ಇದೇ. ಸೊನ್ನೆ ಇರಬೇಕಾದ ಕಡೆ 40 ಬಂದರೆ ಮನೆಯಲ್ಲಿ ಏನೋ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಒಲೆ, ಹೀಟರ್ ಎಲ್ಲ ಆರಿಸಿ, ಹೊರಗೆ ಬನ್ನಿ, ತಜ್ಞರನ್ನು ಕರೆಸಿ.

ಇಷ್ಟೊಂದು ಸಾವಧಾನದ ಅಲಾರಂ ಯಾಕೆ ಮಾಡಿದರು? ಇದಕ್ಕೆ ಷಿಕಾಗೋದಲ್ಲಿ ನಡೆದದ್ದನ್ನು ಹೇಳಲೇಬೇಕು. 1994ರ ಅಕ್ಟೋಬರ್‌ನಲ್ಲಿ ಆ ನಗರ ಮನೆಗಳಿಗೆ ಸಿಓ ಅಲಾರಂ ಕಡ್ಡಾಯ ಮಾಡಿತು. ಡಿಸೆಂಬರ್‌ನಲ್ಲಿ ಒಂದು ದಿನ ಹವಾಮಾನ ಬದಲಾಯಿತು. ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು, ವಾಹನಗಳ ಹೊಗೆ ಮೇಲೇರದೆ ನೆಲದ ಹತ್ತಿರವೇ ನಿಂತಿತು. ಊರಿನ ತುಂಬ ಅಲಾರಂ ಕೂಗತೊಡಗಿದವು. ಅಗ್ನಿಶಾಮಕ ದಳಕ್ಕೆ ಕರೆಗಳ ಮಹಾಪೂರ. ಹೆಚ್ಚಿನ ಮನೆಗಳಲ್ಲಿ ಸರಿಪಡಿಸುವಂಥದ್ದು ಏನೂ ಸಿಗಲಿಲ್ಲ. ಸುಮ್‌ಸುಮ್ನೆ ಕೂಗುವ ಅಲಾರಂನ ಬ್ಯಾಟರಿಯನ್ನು ಜನ ಕಿತ್ತಿಡುತ್ತಾರೆ, ಅಲ್ವಾ? ಕೊನೆಗೆ ಜೀವ ಹೋಗುವ ರಾತ್ರಿ ಅದು ಮೂಕವಾಗಿರುತ್ತದೆ. ಈ ಭಯದಿಂದ ಮಾನದಂಡವನ್ನು ತಿದ್ದಿದರು. 30 ಪಿಪಿಎಂಗೆ 30 ದಿನ ಮೌನ ಅನ್ನುವುದು ಬಂದದ್ದು 1998ರ ತಿದ್ದುಪಡಿಯಲ್ಲಿ. ಯುರೋಪಿನ ಮಾನದಂಡ ಇಎನ್ 50291 ಸ್ವಲ್ಪ ಬಿಗಿ. 50 ಪಿಪಿಎಂಗೆ 60ರಿಂದ 90 ನಿಮಿಷದೊಳಗೆ, 300 ಮುಟ್ಟಿದರೆ 3 ನಿಮಿಷದೊಳಗೆ ಕೂಗಬೇಕು. ನನ್ನ ಮಟ್ಟಿಗೆ ಯುರೋಪಿನ ಗೆರೆಯೇ ಹೆಚ್ಚು ಸರಿ.

ಡಬ್ಬಿಯ ಒಳಗೆ ಏನಿದೆ? ಒಳ್ಳೆಯ ಅಲಾರಂಗಳಲ್ಲಿ ಇರುವುದು ಒಂದು ಪುಟ್ಟ ರಾಸಾಯನಿಕ ಕೋಶ. ಸಿಓ ಒಳಗೆ ಬಂದಾಗ ಅದರ ವಿದ್ಯುದ್ವಾರದ ಮೇಲೆ ಇಂಗಾಲದ ಡೈಆಕ್ಸೈಡ್ ಆಗಿ ಬದಲಾಗುತ್ತದೆ, ಆಗ ಸಣ್ಣ ಕರೆಂಟ್ ಹರಿಯುತ್ತದೆ. ಸಿಓ ಜಾಸ್ತಿ ಆದರೆ ಕರೆಂಟೂ ಜಾಸ್ತಿ. ಇದೇ ಕೋಶ ಹೈಡ್ರೋಜನ್‌ಗೂ ಸ್ಪಂದಿಸುತ್ತದೆ. ನಮ್ಮ ಮನೆಗಳಲ್ಲಿ ಹೈಡ್ರೋಜನ್ ಎಲ್ಲಿಂದ ಬಂತು ಅಂತೀರಾ? ಯುಪಿಎಸ್ ಬ್ಯಾಟರಿಯಿಂದ. ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದನ್ನು ಗಾಳಿಯಾಡದ ಮೂಲೆಯಲ್ಲಿಟ್ಟು ಪಕ್ಕದಲ್ಲೇ ಅಲಾರಂ ಹಾಕಿದರೆ, ಉರಿಯುವ ವಸ್ತು ಒಂದೂ ಇಲ್ಲದೆಯೂ ಅದು ಕೂಗಬಹುದು. ಬ್ಯಾಟರಿಯಿಂದ ದೂರ ಇಡಿ. ಹಾಗಂತ ಕೂಗಿದಾಗಲೆಲ್ಲ "ಬ್ಯಾಟರಿದೇ ಇರಬೇಕು" ಅಂದುಕೊಂಡು ಮಲಗಬೇಡಿ. ಮೊದಲು ಹೊರಗೆ ಬನ್ನಿ, ಆಮೇಲೆ ಕಾರಣ ಹುಡುಕಿ.

ಎಲ್ಲಿ ಹಾಕಬೇಕು? ಇಲ್ಲಿ ಮೂರು ಅನಿಲಗಳನ್ನು ಜನ ಕಲಸುಮೇಲೋಗರ ಮಾಡುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಅದರ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಪೈಪಿನಲ್ಲಿ ಬರುವ ಗ್ಯಾಸ್ ಹಗುರ, ಅದಕ್ಕೆ ಮೇಲೆ, ಸೀಲಿಂಗ್ ಹತ್ತಿರ. ಸಿಓದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಹಾಗಾಗಿ ಎಲ್ಲ ಕಡೆ ಬೆರೆತುಹೋಗುತ್ತದೆ. ಅಡುಗೆಮನೆಗೆ ತಂದ ಎಲ್‌ಪಿಜಿ ಡಿಟೆಕ್ಟರ್ ಸಿಓ ಕಾಯುತ್ತದೆ ಅಂದುಕೊಳ್ಳಬೇಡಿ. ಅದು ಬೇರೆ ವಸ್ತು.

ಒಂದೇ ಅಲಾರಂ ಇದ್ದರೆ ಮಲಗುವ ಕೋಣೆಯ ಹತ್ತಿರ ಹಾಕಿ, ಬಾಗಿಲು ಮುಚ್ಚಿದರೂ ಸದ್ದು ಕೇಳಬೇಕು. ಸಿಓಗೆ ಎಷ್ಟೋ ಜನ ಸಾಯುವುದು ನಿದ್ದೆಯಲ್ಲಿ. ಮಹಡಿ ಮನೆಯಾದರೆ ಪ್ರತಿ ಅಂತಸ್ತಿಗೂ ಒಂದು. ಕೋಣೆಯ ಒಳಗೇ ಹಾಕುವುದಾದರೆ ಮಲಗಿದಾಗ ತಲೆ ಇರುವ ಎತ್ತರ ಒಳ್ಳೆಯದು. ಒಲೆಯಿಂದ ಎಷ್ಟು ದೂರ ಅನ್ನುವುದಕ್ಕೆ ಅಮೆರಿಕದ ಕಂಪನಿಗಳು ಸುಮಾರು 15 ಅಡಿ ಅನ್ನುತ್ತವೆ, ಬ್ರಿಟನ್‌ನಲ್ಲಿ ಅದೇ ಕೋಣೆಯಲ್ಲಿ 1ರಿಂದ 3 ಮೀಟರ್ ದೂರ. ನೀವು ಕೊಂಡ ಅಲಾರಂ ಜೊತೆ ಬಂದ ಪುಸ್ತಕ ಏನು ಹೇಳುತ್ತದೋ ಅದನ್ನೇ ಪಾಲಿಸಿ. ಪರದೆಯ ಹಿಂದೆ, ಕಿಟಕಿ ಪಕ್ಕ, ಫ್ಯಾನಿನ ಗಾಳಿ ನೇರ ಬೀಳುವಲ್ಲಿ, ಒಗ್ಗರಣೆ ಹಬೆ ತಾಗುವಲ್ಲಿ ಬೇಡ.

ಈಗ ಬೆಂಗಳೂರು, ಮೈಸೂರಿನವರು ಕೇಳುವ ಪ್ರಶ್ನೆ. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಗೆ ಒಂದು ಅಲಾರಂ ಹಾಕಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಬಚ್ಚಲಿನ ಹಬೆ, ತೇವಕ್ಕೆ ಸೆನ್ಸರ್ ಕೆಡುತ್ತದೆ, ತಯಾರಕರೇ ಅಲ್ಲಿ ಬೇಡ ಅನ್ನುತ್ತಾರೆ. ಹೊರಗೆ ಹಾಕಿದರೆ, ಮುಚ್ಚಿದ ಬಾಗಿಲ ಒಳಗೆ ಆಗುತ್ತಿರುವುದು ಅದಕ್ಕೆ ತಡವಾಗಿ ಗೊತ್ತಾಗುತ್ತದೆ. ಪುಟ್ಟ ಬಚ್ಚಲು, ಮುಚ್ಚಿದ ಕಿಟಕಿ, ಉರಿಯುತ್ತಿರುವ ಗೀಸರ್. ಕೋಣೆಯ ಆಮ್ಲಜನಕ ತೀರುತ್ತಾ ಬಂದಂತೆ ಉರಿ ಕೆಡುತ್ತದೆ, ಸಿಓ ಏರುತ್ತದೆ, ಸ್ನಾನ ಮುಗಿಯುವಷ್ಟರಲ್ಲಿ ಎಚ್ಚರ ತಪ್ಪಬಹುದು. ಪ್ರತಿ ಚಳಿಗಾಲ ನಮ್ಮ ಪತ್ರಿಕೆಗಳಲ್ಲಿ ಇಂಥ ಸುದ್ದಿ ಓದುತ್ತೇವೆ, ಓದಿ ಪುಟ ತಿರುವುತ್ತೇವೆ. ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಯುಟಿಲಿಟಿಗೋ ಬಾಲ್ಕನಿಗೋ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಬಾಡಿಗೆ ಮನೆಯಾದರೆ ಮಾಲೀಕರ ಹತ್ತಿರ ಹಟ ಹಿಡಿದು ಕೇಳಿ. ಅಲ್ಲಿಯವರೆಗೆ ಬಕೆಟ್ಟಿಗೆ ನೀರು ತುಂಬಿಕೊಂಡು, ಗೀಸರ್ ಆರಿಸಿ, ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನ ಮಾಡಿ.

ಇನ್ನೊಂದು ಮಾತು. ನಮ್ಮಲ್ಲಿ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಒಳಗೆ ಕೆಂಡ ಇಟ್ಟು ಬೆಚ್ಚಗೆ ಮಾಡುವ ರೂಢಿ ಈಗಲೂ ಇದೆ. ಹೊಗೆ ಕಾಣದಿದ್ದರೂ ಕೆಂಡ ಸಿಓ ಬಿಡುತ್ತಲೇ ಇರುತ್ತದೆ. ಕೂಸು ನಮಗಿಂತ ಬೇಗಬೇಗ ಉಸಿರಾಡುತ್ತದೆ, ಅದಕ್ಕೇ ವಿಷ ಮೊದಲು ಏರುವುದು. ಸಾಂಬ್ರಾಣಿ ಹಾಕುವ ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಮಲೆನಾಡು, ಕೊಡಗಿನ ಚಳಿಯಲ್ಲಿ ಅಗ್ಗಿಷ್ಟಿಕೆ ಒಳಗಿಟ್ಟು ಮಲಗುವವರಿಗೂ, ಬಾರ್ಬೆಕ್ಯೂ ಮುಗಿದ ಮೇಲೆ ಅದನ್ನು ಕೋಣೆಗೆ ತರುವವರಿಗೂ ಇದೇ ಮಾತು.

ಸಮಯ ಆಗುತ್ತಿದೆ, ನಿರ್ವಹಣೆಯನ್ನು ಬೇಗ ಮುಗಿಸುತ್ತೇನೆ. ಕೊಳ್ಳುವಾಗ ಯುಎಲ್ 2034 ಅಥವಾ ಇಎನ್ 50291 ಅಂತ ಬರೆದಿರುವುದನ್ನೇ ನೋಡಿ. ಹೆಸರಿಲ್ಲದ ಅಗ್ಗದ ಡಬ್ಬಿ ಬೇಡ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಆದರೆ ಹೆಚ್ಚಿನ ಅಲಾರಂಗಳಲ್ಲಿ ಆ ಬಟನ್ ಹೇಳುವುದು ಬ್ಯಾಟರಿ, ಸರ್ಕ್ಯೂಟ್, ಬಜರ್ ಸರಿ ಇದೆ ಅಂತ ಮಾತ್ರ. ಸೆನ್ಸರ್ ಜೀವಂತ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಸೆನ್ಸರಿಗೆ ಆಯಸ್ಸಿದೆ, ಮಾದರಿಗೆ ತಕ್ಕಂತೆ 5, 7 ಅಥವಾ 10 ವರ್ಷ. ಹಿಂಬದಿಯಲ್ಲಿ ತಾರೀಖು ನೋಡಿ, ಮುಗಿದಿದ್ದರೆ ಬದಲಿಸಿ. ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಸ್ಪ್ರೇ ಬೇಡ. ಆಗೊಮ್ಮೆ ಈಗೊಮ್ಮೆ ಒಂದೇ ಸಲ ಕೀಕ್ ಅಂದರೆ ಬ್ಯಾಟರಿಯೋ ಆಯಸ್ಸೋ ಮುಗಿಯುತ್ತಿದೆ. ಅಮೆರಿಕದ ಅಲಾರಂಗಳಲ್ಲಿ ನಾಲ್ಕು ಸಲ ಕೂಗಿ, ನಿಂತು, ಮತ್ತೆ ನಾಲ್ಕು ಸಲ ಕೂಗಿದರೆ ಅದು ನಿಜವಾದ ಸಿಓ. ಗ್ಯಾರೇಜ್ ಮನೆಗೆ ಅಂಟಿಕೊಂಡಿರುವ ಕಡೆ, ಬಾಗಿಲು ತೆರೆದಿದ್ದರೂ ಕಾರನ್ನು ಒಳಗೆ ಚಾಲೂ ಬಿಡಬೇಡಿ.

ಕೂಗಿತು ಅನ್ನಿ. ಎಲ್ಲರನ್ನೂ ಎಬ್ಬಿಸಿ ಹೊರಗೆ ಬನ್ನಿ, ತಲೆ ಎಣಿಸಿ, ಅಲ್ಲಿಂದ 112ಕ್ಕೆ ಕರೆ ಮಾಡಿ, ಅಮೆರಿಕದಲ್ಲಾದರೆ 911. ಕೊರೋನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ನಂಬಬೇಡಿ. ಅದಕ್ಕೆ ಸಿಓ ಹಿಡಿದ ರಕ್ತವೂ ಆಮ್ಲಜನಕ ಹಿಡಿದ ರಕ್ತವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಅಪಾಯದಲ್ಲಿರುವವರಿಗೂ 98 ತೋರಿಸಬಹುದು. ಆಸ್ಪತ್ರೆಯಲ್ಲಿ "ಗೀಸರ್ ಇತ್ತು" ಅಥವಾ "ಕೆಂಡ ಇತ್ತು" ಅಂತ ಮೊದಲೇ ಹೇಳಿ, ಸಿಓಗೆ ರಕ್ತಪರೀಕ್ಷೆ ಮಾಡಿ ಅಂತ ನೀವಾಗಿಯೇ ಕೇಳಿ.