ಹಾಲು ಕಕ್ಕುವ ಕೂಸಿಗೆ ಆಸಿಡಿಟಿ ಔಷಧಿ ಬೇಕೆ?

ಎಲ್ಲರಿಗೂ ನಮಸ್ಕಾರ. ಎಳೆಮಕ್ಕಳ ತಾಯಂದಿರು, ಅಜ್ಜಿಯರು ಇಷ್ಟು ಜನ ಬಂದಿದ್ದೀರಿ, ಅದಕ್ಕೆ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ. ಮಕ್ಕಳ ವೈದ್ಯರು ದಿನವೂ ಕೇಳುವ ಮಾತೊಂದಿದೆ: "ಡಾಕ್ಟ್ರೇ, ಕುಡಿದದ್ದನ್ನೆಲ್ಲ ಕಕ್ಕಿಬಿಡುತ್ತೆ. ಆಸಿಡಿಟಿ ಇರ್ಬೇಕು, ಏನಾದ್ರೂ ಡ್ರಾಪ್ಸ್ ಬರೆದುಕೊಡಿ."

ಅನ್ನನಾಳ ಜಠರವನ್ನು ಸೇರುವಲ್ಲಿ ಒಂದು ಸ್ನಾಯು ಬಾಯಿ ಬಿಗಿದು ನಿಂತಿರುತ್ತದೆ. ಎಳೆಗೂಸಿನಲ್ಲಿ ಅದು ಆಗಾಗ ತಾನಾಗಿ ಸಡಿಲವಾಗುತ್ತದೆ. ಮೇಲಾಗಿ ಕೂಸಿನ ಆಹಾರವೆಲ್ಲ ದ್ರವ, ಹೊಟ್ಟೆ ಚಿಕ್ಕದು, ದಿನದ ಬಹುಪಾಲು ಮಲಗಿಯೇ ಇರುತ್ತದೆ. ಹಾಲು ಮೇಲೆ ಬರದೆ ಇನ್ನೇನು? ನಾಲ್ಕನೇ ತಿಂಗಳ ಹೊತ್ತಿಗೆ ಕಕ್ಕುವುದು ಅತಿ ಹೆಚ್ಚು. ಮಗು ಕೂರಲು ಕಲಿತು ಗಟ್ಟಿ ಆಹಾರ ಶುರುವಾದ ಮೇಲೆ ತಗ್ಗುತ್ತಾ ಬಂದು, ಒಂದು, ಒಂದೂವರೆ ವರ್ಷದೊಳಗೆ ಬಹುತೇಕ ಮಕ್ಕಳಲ್ಲಿ ನಿಂತೇ ಹೋಗುತ್ತದೆ. ನಗುನಗುತ್ತಾ, ತೂಕ ಏರುತ್ತಾ ಇರುವ ಕೂಸು ಹೆಗಲ ಬಟ್ಟೆಯ ಮೇಲೆ ಒಡೆದ ಹಾಲು ಕಕ್ಕಿದರೆ ಅದಕ್ಕೆ ಔಷಧಿ ಬೇಕಿಲ್ಲ.

ಒಮೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಥರದ ಔಷಧಿಗಳು ಜಠರದಲ್ಲಿ ಆಮ್ಲ ತಯಾರಾಗುವುದನ್ನು ಕಡಿಮೆ ಮಾಡುತ್ತವೆ, ಅಷ್ಟೇ. ಸಡಿಲವಾಗುವ ಸ್ನಾಯುವನ್ನು ಬಿಗಿ ಮಾಡುವುದಿಲ್ಲ. ಹುಳಿ ಕಡಿಮೆಯಾದ ಹಾಲು ಅಷ್ಟೇ ಸಲ ಮೇಲೆ ಬರುತ್ತದೆ. "ಹದಿನೈದು ದಿನ ಕೊಟ್ಟೆವು, ಕಕ್ಕುವುದು ನಿಲ್ಲಲೇ ಇಲ್ಲ" ಎಂದು ಬೇಸರಪಡುವವರಿಗೆ ಉತ್ತರ ಇದೇ.

ಅಳುವಿಗಾದರೂ ಉಪಯೋಗವಿದೆಯೇ? ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹಾಲು ಕುಡಿಯುವ ಹೊತ್ತಿನಲ್ಲಿ ವಿಪರೀತ ಅಳುತ್ತಿದ್ದ 162 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲ್ಯಾನ್ಸೊಪ್ರಜೋಲ್, ಇನ್ನೊಂದಕ್ಕೆ ಔಷಧಿಯ ಅಂಶವೇ ಇಲ್ಲದ ಹುಸಿಮದ್ದು ಕೊಟ್ಟ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಲ್ಲಿ ಸುಧಾರಿಸಿದ ಕೂಸುಗಳು ಶೇ. 54. ಅಂದರೆ ಔಷಧಿಯಿಂದ ಏನೂ ಹೆಚ್ಚಿನ ಲಾಭವಾಗಲಿಲ್ಲ. ಬದಲಿಗೆ ಔಷಧಿ ಪಡೆದವರಲ್ಲೇ ಶ್ವಾಸಕೋಶದ ಸೋಂಕಿನಂಥ ಗಂಭೀರ ತೊಂದರೆಗಳು ಹೆಚ್ಚು ಕಂಡವು. ಜಠರದ ಆಮ್ಲ ರೋಗಾಣುಗಳನ್ನು ಕೊಲ್ಲುವ ಕಾವಲುಗಾರ. ಕಾರಣವಿಲ್ಲದೆ ಅದನ್ನು ಯಾಕೆ ಕೆಳಗಿಳಿಸಬೇಕು?

ನಮ್ಮ ಕಡೆ ಇನ್ನೂ ಹೆಚ್ಚು ಓಡಾಡುವುದು ವಾಂತಿ ತಡೆಯಲೆಂದು ಕೊಡುವ ಡೊಂಪೆರಿಡೋನ್. ಇದರ ಸಿರಪ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 1 ಮಿಲಿಗ್ರಾಂ ಔಷಧಿ ಇರುತ್ತದೆ, ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 10 ಮಿಲಿಗ್ರಾಂ. ಸಿರಪ್‌ನ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಡ್ರಾಪ್ಸ್ ಅಳೆದರೆ ಕೂಸಿಗೆ ಹತ್ತುಪಟ್ಟು ಹೋಗುತ್ತದೆ. ಈ ಔಷಧಿ ಹೃದಯದ ಬಡಿತದ ಲಯವನ್ನೇ ಕೆಡಿಸಬಲ್ಲದು. ದಯವಿಟ್ಟು ಬಾಟಲಿ ಹಿಡಿದು ಲೇಬಲ್ ಓದಿ. ಅಣ್ಣನಿಗೆ ತಂದದ್ದು ಉಳಿದಿದೆಯೆಂದು ತಂಗಿಗೆ ಹಾಕಬೇಡಿ. ಮನೆಯಲ್ಲಿ ಆಮ್ಲ ತಗ್ಗಿಸುವ ಹಳೆಯ ರ‍್ಯಾನಿಟಿಡಿನ್ ಸಿರಪ್ ಇದ್ದರೆ ಅದನ್ನೂ ಬಳಸಬೇಡಿ. ಅದರಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಶವೊಂದು ಸಿಕ್ಕಿದ್ದರಿಂದ ಅಮೆರಿಕ 2020ರ ಏಪ್ರಿಲ್‌ನಲ್ಲಿ ಮಾರುಕಟ್ಟೆಯಿಂದ ತೆಗೆಯಲು ಹೇಳಿತು. ಭಾರತದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ 2022ರಲ್ಲಿ ಅದನ್ನು ಕೈಬಿಟ್ಟರು.

ಹಾಗಾದರೆ ಮಾಡುವುದೇನು? ಮೊದಲು ಹಾಲೂಡಿಸುವ ರೀತಿ ನೋಡಿ. ಬಾಟಲಿ ಖಾಲಿಯಾಗಲೇಬೇಕೆಂದು ಒತ್ತಾಯಿಸಬೇಡಿ. ಸ್ವಲ್ಪ ಸ್ವಲ್ಪ ಕೊಡಿ, ತೇಗು ಬರಿಸಿ, ಇಪ್ಪತ್ತು ಮೂವತ್ತು ನಿಮಿಷ ಹೆಗಲಿಗೆ ಹಾಕಿಕೊಳ್ಳಿ. ಮಲಗಿಸುವಾಗ ಅಂಗಾತ, ಸಮತಟ್ಟಾದ ಹಾಸಿಗೆಯ ಮೇಲೆ. ತಲೆದಿಂಬು ಬೇಡ. ಹೊಟ್ಟೆಯಲ್ಲಿ ನಿಲ್ಲಲಿ ಎಂದು ಮೂರನೇ ತಿಂಗಳಿಗೇ ರಾಗಿ ಸರಿ ಶುರು ಮಾಡಬೇಡಿ, ಆರು ತಿಂಗಳು ತುಂಬಲಿ. ಆದರೂ ಅಳು ತಗ್ಗದಿದ್ದರೆ, ಹಸುವಿನ ಹಾಲಿನ ಪ್ರೋಟೀನು ಆಗಿಬರದಿರಬಹುದು. ಆಗ ಎದೆಹಾಲೂಡಿಸುವ ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ ಬಿಟ್ಟು ನೋಡಲು ವೈದ್ಯರು ಹೇಳುತ್ತಾರೆ. ಬಾಣಂತಿಗೆ ಅದು ಸುಲಭವಲ್ಲ, ಮನೆಯವರು ಜೊತೆಗೆ ನಿಲ್ಲಬೇಕು. ಎದೆಹಾಲನ್ನು ಮಾತ್ರ ನಿಲ್ಲಿಸಬಾರದು.

ತಡಮಾಡದೆ ಓಡಿಬರಬೇಕಾದ ಸಂದರ್ಭಗಳೂ ಇವೆ. ವಾಂತಿ ಹಸಿರಾಗಿದ್ದರೆ, ರಕ್ತ ಕಂಡರೆ, ಹೊಟ್ಟೆ ಉಬ್ಬಿದ್ದರೆ, ನೆತ್ತಿ ಉಬ್ಬಿ ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ. ಹುಟ್ಟಿದ ಮೂರರಿಂದ ಆರನೇ ವಾರದ ಹೊತ್ತಿಗೆ ಹಾಲು ಚಿಮ್ಮಿ ದೂರ ಬಿದ್ದು, ಕೂಸು ಮತ್ತೆ ಹಸಿವೆಂದು ಅತ್ತರೆ ಜಠರದ ಹೊರಬಾಗಿಲು ಕಟ್ಟಿಕೊಂಡಿರಬಹುದು. ಅದಕ್ಕೆ ಆಪರೇಷನ್ ಬೇಕು, ಆಸಿಡಿಟಿ ಡ್ರಾಪ್ಸ್ ಕೊಡುತ್ತಾ ಕೂತರೆ ಅಮೂಲ್ಯ ದಿನಗಳು ಹೋಗುತ್ತವೆ.

ಇಷ್ಟು ಹೇಳಿದೆನೆಂದು ಆಮ್ಲ ಕಡಿಮೆ ಮಾಡುವ ಔಷಧಿಯನ್ನೇ ಶಪಿಸಬೇಡಿ. ಅನ್ನನಾಳ ಹುಣ್ಣಾದ ಮಕ್ಕಳು, ಎದೆಯುರಿಯಿಂದ ಊಟ ಬಿಡುವ ಶಾಲಾ ಮಕ್ಕಳು, ಮಿದುಳಿನ ತೊಂದರೆಯಿರುವ ಮಕ್ಕಳಲ್ಲಿ ಕೆಲವರು, ಇವರಿಗೆ ಇದು ನಿಜವಾದ ಉಪಕಾರ. ಅಂಥವರಿಗೆ ಸರಿಯಾಗಿ ಕೊಡಬೇಕು. ಒಮೆಪ್ರಜೋಲ್ ಕ್ಯಾಪ್ಸೂಲ್ ಬಿಚ್ಚಿದರೆ ಒಳಗೆ ಬಿಳಿ ಸಣ್ಣ ಕಾಳುಗಳಿರುತ್ತವೆ. ಪ್ರತಿ ಕಾಳಿಗೂ ಒಂದು ಲೇಪವಿದೆ, ಜಠರದ ಆಮ್ಲ ತಗುಲಿ ಔಷಧಿ ಕೆಡದಿರಲಿ ಎಂದು. ಮಗು ನುಂಗಲೆಂದು ಕುಟ್ಟಾಣಿಯಲ್ಲಿ ಅರೆದರೆ ಲೇಪ ಹೋಯಿತು, ಬಿಸಿ ಹಾಲಿಗೆ ಹಾಕಿದರೂ ಕರಗಿತು. ದೊಡ್ಡ ಮಕ್ಕಳಿಗೆ ಬೇಯಿಸಿ ನುರಿದ ತಣ್ಣನೆಯ ಸೇಬಿನ ಒಂದು ಚಮಚದಲ್ಲಿ ಕಾಳು ಉದುರಿಸಿ, ಅಗಿಯದೆ ನುಂಗಿಸಿ, ಊಟಕ್ಕೆ ಅರ್ಧ ಗಂಟೆ ಮೊದಲು. ನುಂಗಲು ಬಾರದ ಎಳೆಯರಿಗೆ ಬೇರೆ ತಯಾರಿಕೆ ಇರುತ್ತದೆ, ವೈದ್ಯರನ್ನೇ ಕೇಳಿ.

ಚೀಟಿ ಬರೆಸಿಕೊಳ್ಳುವಾಗಲೇ "ಎಷ್ಟು ವಾರ? ಮತ್ತೆ ಯಾವಾಗ ತೋರಿಸಬೇಕು?" ಎಂದು ಕೇಳಿ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕೊಟ್ಟು, ಮಗುವನ್ನು ಮತ್ತೆ ನೋಡಿ, ಗುಣ ಕಾಣದಿದ್ದರೆ ನಿಲ್ಲಿಸುತ್ತಾರೆ. ಬಹಳ ದಿನ ತೆಗೆದುಕೊಂಡು ಬಿಟ್ಟಾಗ ಕೆಲವು ದಿನ ಆಮ್ಲ ಮೊದಲಿಗಿಂತ ಹೆಚ್ಚಾಗಬಹುದು. ಅದನ್ನು ನೋಡಿ ಕಾಯಿಲೆ ಮರುಕಳಿಸಿತೆಂದು ನೀವೇ ಮತ್ತೆ ಶುರು ಮಾಡಬೇಡಿ, ವೈದ್ಯರಿಗೆ ಒಂದು ಫೋನ್ ಮಾಡಿ.